ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ

ಆಷಾಢದ ಗಾಳಿ ಶುರುವಾದರೆ ನಮ್ಮ ತಿಪಟೂರಿನಲ್ಲಿ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡ ಹಾಗೆ ಕಾಣುತ್ತವೆ. ಅಂಥ ಒಂದು ಸೋಮವಾರ ಬೆಳಿಗ್ಗೆ ಹೂವಿನಾಕೆ ಬಾಗಿಲಲ್ಲಿ ಕೂತು ಮೊಳ ಹಾಕುತ್ತಾ ನನ್ನ ಮನೆಯವಳಿಗೆ ಹೇಳಿದಳು. “ಬಿ.ಎಚ್. ರಸ್ತೇಲಿ ಒಂದು ಬೆಕ್ಕು ಲಾರಿಗೆ ಸಿಕ್ಕಿ ಸತ್ತೋಗದೆ ಕಣವ್ವ. ನಿಮ್ಮ ಕಾಂಪೌಂಡ್ ಮೇಲೆ ಓಡಾಡ್ತಿತ್ತಲ್ಲ, ಮೂರು ಬಣ್ಣದ್ದು, ಅದೇಯ. ಬಾಣಂತಿ ಬೆಕ್ಕು. ಹಾಲು ತುಂಬ್ಕಂಡಿತ್ತು. ಮರಿಗಳು ಎಲ್ಲವೋ ಏನೋ.”

ಅದು ನಮ್ಮ ಬೆಕ್ಕು ಎನ್ನುವ ಹಾಗಿಲ್ಲ. ಅದಕ್ಕೆ ಹೆಸರೂ ಇರಲಿಲ್ಲ. ಬಿಳಿ ಮೈ ಮೇಲೆ ಕಪ್ಪು, ಕೆಂಚು ತೇಪೆಗಳು. ಸಂಜೆ ಮೊಸರನ್ನ ಕಲಸಿ ಹಿತ್ತಿಲಲ್ಲಿ ಇಟ್ಟರೆ ತಿಂದು, ಥ್ಯಾಂಕ್ಸ್ ಕೂಡ ಹೇಳದೆ ಹೋಗುತ್ತಿತ್ತು. ಆದರೆ ನಮ್ಮ ಅಟ್ಟದಲ್ಲಿ ಇಲಿ ಇರಲಿಲ್ಲ ಎಂದರೆ ಅದಕ್ಕೆ ಆ ಬೆಕ್ಕೇ ಕಾರಣ. ತಿಪಟೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆ ಊರಿನ ಮಕ್ಕಳಿಗೆ ಹೇಳುತ್ತೇನೆ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಇಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ನನಗೆ ಇರುವುದು ಎರಡು ಎಕರೆಗೂ ಕಡಿಮೆ ತೋಟ, ಆದರೂ ಅಟ್ಟದ ತುಂಬ ಕಾಯಿ.

ಹೂವಿನಾಕೆ ಹೋದ ಮೇಲೆ ಮೂವರೂ ಹುಡುಕಿದೆವು. ಸೌದೆ ಕೊಟ್ಟಿಗೆ, ಬಚ್ಚಲ ಒಲೆಯ ಹಿಂದೆ, ಪಕ್ಕದ ಮನೆಯವರ ಹಳೇ ಮಂಚದ ಅಡಿ. ಎಲ್ಲೂ ಇಲ್ಲ. ಅಂದು ಶಾಲೆಗೆ ರಜೆ, ಹಾಗಾಗಿ ಮೊಮ್ಮಗಳು ಪುಟ್ಟಿಯೂ ಮನೆಯಲ್ಲಿದ್ದಳು. ನಾಲ್ಕನೇ ಕ್ಲಾಸು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ತುತ್ತು ನಿಲ್ಲಿಸಿ, “ತಾತಾ, ಕಾಯಿ ಅಳ್ತಾ ಇದೆ” ಅಂದಳು.

ಏಣಿ ಹಾಕಿದೆ. “ಎಪ್ಪತ್ಮೂರಕ್ಕೆ ಏಣಿ ಹತ್ತೋರು ನೀವೊಬ್ರೇರೀ” ಎಂದು ಬೈಯುತ್ತಲೇ ನನ್ನ ಮನೆಯವಳು ಏಣಿ ಹಿಡಿದುಕೊಂಡಳು. ಅಟ್ಟದ ಮೂಲೆಯಲ್ಲಿ, ಕಾಯಿಗಳ ನಡುವಿನ ಒಂದು ಗುಳಿಯಲ್ಲಿ, ಬಿದ್ದ ನಾರಿನ ಮೇಲೆ ನಾಲ್ಕು ಮರಿಗಳಿದ್ದವು. ಕಣ್ಣು ಬಿಟ್ಟಿರಲಿಲ್ಲ. ಕಿವಿ ತಲೆಗೆ ಅಂಟಿಕೊಂಡಿತ್ತು. ಹೊಕ್ಕುಳಲ್ಲಿ ಒಣಗಿದ ಬಳ್ಳಿಯ ತುಂಡು ಇನ್ನೂ ಇತ್ತು. ಕೈಗೆ ಎತ್ತಿಕೊಂಡರೆ ಫ್ರಿಜ್ಜಿನಿಂದ ತೆಗೆದ ಹೀರೇಕಾಯಿಯ ಹಾಗೆ ತಣ್ಣಗಿದ್ದವು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಬೆಕ್ಕಿನ ಮರಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಳಬರು ಹೇಳುತ್ತಾರಲ್ಲ, ಹಾಗೆ ಒಂದೊಂದಾಗಿ ಜಾಗ ಬದಲಿಸುವ ನಡುವೆಯೂ ಇರಬಹುದು. ಮರಿಗಳು ಬೆಚ್ಚಗೆ, ಶುಭ್ರವಾಗಿ, ಹೊಟ್ಟೆ ತುಂಬಿ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ದೂರ ನಿಂತು ಕೆಲವು ಗಂಟೆ ಕಾಯಬೇಕು. ತಣ್ಣಗಾಗಿ, ಕೊಳೆಯಾಗಿ, ಬಿಡದೆ ಅಳುತ್ತಿದ್ದರೆ ಮಾತ್ರ ಕೈ ಹಾಕಬೇಕು. ನಮ್ಮ ವಿಷಯದಲ್ಲಿ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ಇನ್ನು ನಾನು ಮಾಡಿದ ಮೊದಲ ತಪ್ಪು. ನನ್ನ ಮಗಳು ಕೂಸಾಗಿದ್ದಾಗಿನ ಬೆಳ್ಳಿಯ ಒಳಲೆ ಬೀರುವಿನಲ್ಲಿತ್ತು. ಹಸುವಿನ ಹಾಲು ಬೆಚ್ಚಗೆ ಮಾಡಿ, ಮರಿಯನ್ನು ಅಂಗೈಯಲ್ಲಿ ಅಂಗಾತ ಮಲಗಿಸಿ, ಕೂಸಿಗೆ ಕುಡಿಸುವ ಹಾಗೆಯೇ ಒಳಲೆ ಇಟ್ಟೆ. ಮೂಗಿನಿಂದ ಹಾಲು ಗುಳ್ಳೆಯಾಗಿ ಬಂತು. ಪುಟ್ಟಿ ಕಿರುಚಿದಳು. ಒಳಲೆಯನ್ನು ಅಲ್ಲೇ ಬಿಟ್ಟು, ಬೇಳೆಯ ರಟ್ಟಿನ ಡಬ್ಬಕ್ಕೆ ಹಳೇ ಹತ್ತಿ ಸೀರೆ ಹಾಸಿ, ಮರಿಗಳನ್ನು ಇಟ್ಟುಕೊಂಡು ಆಟೋದಲ್ಲಿ ಪಶು ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಮೂಗು ಒರೆಸಿ, ಎದೆಗೆ ಕೊಳವೆ ಇಟ್ಟು ಕೇಳಿ, “ಸದ್ಯ, ಹೋಗಿಲ್ಲ” ಅಂದರು. ಏನು ಹೋಗಿಲ್ಲ? ಹಾಲು ಶ್ವಾಸಕೋಶಕ್ಕೆ. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದಂತೆ. ತಾಯಿಯ ಹತ್ತಿರ ಅದು ಹೇಗೆ ಕುಡಿಯುತ್ತದೆ? ಹೊಟ್ಟೆ ನೆಲಕ್ಕೆ, ತಲೆ ಸ್ವಲ್ಪ ಮೇಲಕ್ಕೆ. ನಾವೂ ಹಾಗೇ ಹಿಡಿಯಬೇಕು. ಸೂಜಿ ಇಲ್ಲದ ಸಿರಿಂಜಿನಿಂದ ಒಂದೊಂದೇ ಹನಿ, ಅದು ನುಂಗಿದ ಮೇಲೆ ಇನ್ನೊಂದು.

ಎರಡನೆಯದು ಹಾಲಿನ ವಿಷಯ. ಹಸುವಿನ ಹಾಲು ಕರುವಿಗಾಗಿ ಇರುವುದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಅದಕ್ಕಿಂತ ಸುಮಾರು ಎರಡರಷ್ಟು, ಕೊಬ್ಬೂ ಹೆಚ್ಚು. ಬರೀ ಹಸುವಿನ ಹಾಲು ಕುಡಿದ ಮರಿಗೆ ಭೇದಿ ಹತ್ತಿ, ಎರಡು ದಿನದಲ್ಲಿ ಮೈಯಲ್ಲಿ ನೀರೇ ಉಳಿಯುವುದಿಲ್ಲ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ತುಮಕೂರಿನಿಂದ ತರಿಸಿ, ಅದು ಬರುವವರೆಗೆ ಮೇಕೆ ಹಾಲು ಕೊಡಿ, ಅದೂ ಪೂರ್ತಿ ಸರಿಯಲ್ಲ, ಸದ್ಯಕ್ಕಷ್ಟೇ ಅಂದರು.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ. ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ಹಾಲು. ಹುಟ್ಟಿದ ಹೊಸದರಲ್ಲಿ ಮರಿಗೆ ಚಳಿಯಾದರೆ ನಡುಗುವುದಕ್ಕೂ ಬರುವುದಿಲ್ಲ. ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ, ತಾಯಿಯ ಹೊಟ್ಟೆಯೇ ಒಲೆ. ಮೈ ತಣ್ಣಗಿರುವಾಗ ಹೊಟ್ಟೆ ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಅಲ್ಲೇ ಕೆಡುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಟವೆಲು ಸುತ್ತಿ, ಡಬ್ಬದ ಒಂದೇ ಬದಿಗೆ ಇಡಬೇಕು. ಇನ್ನೊಂದು ಬದಿ ಖಾಲಿ ಬಿಡಬೇಕು, ಸೆಕೆಯಾದರೆ ಮರಿ ತೆವಳಿ ಆ ಕಡೆ ಹೋಗಲಿ ಎಂದು.

ಹೊರಡುವಾಗ ಡಾಕ್ಟರು ತಮ್ಮ ತಕ್ಕಡಿಯಲ್ಲಿ ನಾಲ್ಕನ್ನೂ ತೂಗಿದರು. 118, 124, 112, 84 ಗ್ರಾಂ. ದಿನಕ್ಕೆ ಹತ್ತು ಗ್ರಾಮಿನಷ್ಟಾದರೂ ಏರಬೇಕು, ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ, ಏರದೆ ನಿಂತರೆ ನನಗೆ ಹೇಳಿ ಅಂದರು. “ಬರೆದಿಡಿ” ಎಂದು ಬ್ಯಾಂಕಿನ ಗುಮಾಸ್ತನಿಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ.

ಮನೆಗೆ ಬಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದೆ. ಪುಟ್ಟಿ ಅಡಿಪಟ್ಟಿ ಹಿಡಿದು ಗೆರೆ ಹಾಕಿದಳು: ಹೊತ್ತು, ಹೆಸರು, ತೂಕ, ಎಷ್ಟು ಮಿಲಿ, ಒಂದಕ್ಕೆ, ಎರಡಕ್ಕೆ, ಷರಾ. ಹೆಸರಿನ ಅಂಕಣಕ್ಕೆ ಹೆಸರು ಬೇಕಾಯಿತು. ಕರಿಯದು ಎಳ್ಳು. ಕೆಂಚನೆಯದು ಬೆಲ್ಲ. ಬೆನ್ನ ಮೇಲೆ ಮಾತ್ರ ಕಂದು ಇದ್ದ ಬಿಳಿಯದು ಕೊಬ್ಬರಿ. 84 ಗ್ರಾಮಿನದು ತಿಳಿ ಕೆಂಚು, ಪುಟ್ಟದು, ಅದು ಕಡಲೆ. ಆಷಾಢದಲ್ಲೇ ನಮ್ಮ ಮನೆಗೆ ಸಂಕ್ರಾಂತಿ ಬಂತು ಎಂದು ನನ್ನ ಮನೆಯವಳು ನಕ್ಕಳು.

ಸರದಿ ದಿನಕ್ಕೆ ಒಂಬತ್ತು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಎರಡೂವರೆ ಗಂಟೆಗೊಂದು, ಆಮೇಲೆ ಹನ್ನೊಂದೂವರೆ, ಕೊನೆಗೆ ಎರಡೂವರೆ. ಹಗಲು ನನ್ನ ಮನೆಯವಳದು, ಸಂಜೆ ಪುಟ್ಟಿ ಜೊತೆಗೆ, ರಾತ್ರಿಯ ಎರಡೂ ಸರದಿ ನನ್ನದು. ಮುದುಕರಿಗೆ ಹೇಗೂ ನಿದ್ದೆ ಕಡಿಮೆ ಎಂದು ನಾನೇ ಕೇಳಿ ತೆಗೆದುಕೊಂಡದ್ದು. ಪುಡಿ ತುಮಕೂರಿನಿಂದ ಬಸ್ಸಿನಲ್ಲಿ ಮಂಗಳವಾರ ರಾತ್ರಿ ಬಂತು. ಬುಧವಾರ ಬೆಳಿಗ್ಗೆಯಿಂದ ಅದೇ ಹಾಲು. ಪ್ರತಿ ಸಲ ಪುಡಿ ಕಲಸಿದಾಗಲೂ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಕಾಗದದ ಮೇಲೆ ಒಂದು ಗೀಟು ಹಾಕಬೇಕು ಎಂದು ಪುಟ್ಟಿ ಕಾನೂನು ಮಾಡಿದಳು. ಯಾಕಮ್ಮ ಎಂದರೆ, ಪುಡಿ ಯಾವಾಗ ಮುಗಿಯುತ್ತೆ ಅಂತ ಗೊತ್ತಾಗಬೇಡವಾ ತಾತಾ ಅಂದಳು.

ಮಕ್ಕಳಿಗೆ ನಗು ಬರುವ ಸಂಗತಿ ಒಂದಿದೆ. ಇಷ್ಟು ಚಿಕ್ಕ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ, ಕಕ್ಕಸು ಮಾಡುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ. ತಾಯಿ ಇಲ್ಲದಿದ್ದರೆ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೃದುವಾಗಿ ಒರೆಸುತ್ತಿರಬೇಕು. ಅರ್ಧ ನಿಮಿಷದಲ್ಲಿ ಹತ್ತಿ ಹಳದಿಯಾಗುತ್ತದೆ. ಮೂರು ವಾರ ಈ ಸೇವೆ. ಮೂವತ್ತಾರು ವರ್ಷ ಕೌಂಟರಿನಲ್ಲಿ ಸ್ಪಂಜಿಗೆ ಬೆರಳು ಅದ್ದಿ ನೋಟು ಎಣಿಸಿದವನು ನಾನು. ಕೈಗೆ ಕೆಲಸ ಹೊಸದೇನಲ್ಲ ಬಿಡಿ ಎಂದು ನನ್ನ ಮನೆಯವಳ ಷರಾ.

ನಮ್ಮ ಶ್ರೀವೈಷ್ಣವ ಹಿರಿಯರು ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಎಂದು ಎರಡು ಹೇಳುತ್ತಾರೆ. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕತ್ತು ಕಚ್ಚಿ ಹೊತ್ತೊಯ್ಯುತ್ತದೆ. ದೇವರು ಭಕ್ತನನ್ನು ಹೇಗೆ ಕಾಯುತ್ತಾನೆ ಎಂಬ ವಾದಕ್ಕೆ ಕೊಡುವ ಹೋಲಿಕೆಗಳು ಇವು. ಇದನ್ನು ಚಿಕ್ಕಂದಿನಿಂದ ಕೇಳಿದ್ದೆ. ರಾತ್ರಿ ಎರಡೂವರೆಗೆ ಅಂಗೈಯಲ್ಲಿ ಕಡಲೆಯನ್ನು ಇಟ್ಟುಕೊಂಡಾಗ, ಮರಿಯ ಕಡೆಯಿಂದಲ್ಲ, ಹೊರುವವನ ಕಡೆಯಿಂದ ಅದು ಎಷ್ಟು ಭಾರ ಎಂದು ತಿಳಿಯಿತು.

ಕಡಲೆ ಉಳಿದವುಗಳ ಹಾಗೆ ಏರುತ್ತಿರಲಿಲ್ಲ. ಬುಧವಾರ 88, ಗುರುವಾರ 91, ಶುಕ್ರವಾರವೂ 91. ಶನಿವಾರ ಬೆಳಿಗ್ಗೆ 89. ಮಧ್ಯಾಹ್ನವೇ ಡಾಕ್ಟರ ಹತ್ತಿರ ಒಯ್ದೆ. ಅವರು ನೋಡಿ, “ಇದು ಹಿಂದೆ ಬೀಳ್ತಿದೆ ಸಾರ್. ಸ್ವಲ್ಪ ಸ್ವಲ್ಪವೇ ಕೊಡಿ, ಒಂದು ಸರದಿನೂ ತಪ್ಪಿಸ್ಬೇಡಿ, ಬಿಸಿ ಆರೋದಕ್ಕೆ ಬಿಡ್ಬೇಡಿ” ಅಂದರು.

ಆ ರಾತ್ರಿ ಮಳೆ. ಹನ್ನೊಂದೂವರೆ ಸರದಿ ಮುಗಿಸಿ, ಬಾಟಲಿಗೆ ಹೊಸ ಬಿಸಿನೀರು ತುಂಬಿ, ಮಂಚಕ್ಕೆ ಹೋದರೆ ಏಳಲಾರೆನೆಂದು ಹಜಾರದ ಆರಾಮ ಕುರ್ಚಿಯಲ್ಲೇ ಕೂತೆ. ಕರೆಂಟು ಹೋಯಿತು. ಎಚ್ಚರವಾದಾಗ ಕರೆಂಟು ಬಂದಿತ್ತು, ಗೋಡೆ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಮೊಬೈಲಿನ ಅಲಾರಾಂ ಎರಡೂವರೆಗೆ ಬಡಿದು ಬಡಿದು ಸುಮ್ಮನಾಗಿತ್ತು.

ಡಬ್ಬದಲ್ಲಿ ಬಾಟಲಿ ತಣ್ಣಗಾಗಿತ್ತು. ಮೂರು ಮರಿಗಳು ಒಂದರ ಮೇಲೊಂದು ಬಿದ್ದು ಹೇಗೋ ಬಿಸಿ ಉಳಿಸಿಕೊಂಡಿದ್ದವು. ಕಡಲೆ ಆ ಕಡೆ ಮೂಲೆಯಲ್ಲಿ ಒಂಟಿಯಾಗಿತ್ತು. ಬನಿಯನ್ನಿನ ಒಳಗೆ ಎದೆಗೆ ಒತ್ತಿಕೊಂಡೆ. ಡಾಕ್ಟರು ಹೇಳಿಕೊಟ್ಟಿದ್ದ ಹಾಗೆ ಮೈ ಸ್ವಲ್ಪ ಬೆಚ್ಚಗಾದ ಮೇಲೆ ಗ್ಲೂಕೋಸ್ ನೀರನ್ನು ಬೆರಳ ತುದಿಯಲ್ಲಿ ಒಸಡಿಗೆ ಸವರಿದೆ. ಎರಡು ಸಲ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಹೋಯಿತು.

ಈಗ ಹೇಳುವುದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ಒಳಗೆ ಕೋಣೆಯಲ್ಲಿ ನನ್ನ ಮನೆಯವಳು ಏಳುವ ಸದ್ದು ಕೇಳಿತು. ಅವಳು ಬಂದು ಮೊದಲು ನೋಡುವುದು ಪುಸ್ತಕವನ್ನು. ಪುಸ್ತಕದಲ್ಲಿ ಎರಡೂವರೆಯ ಸಾಲು ಖಾಲಿ. ನಾನು ಪೆನ್ನು ತೆಗೆದುಕೊಂಡು ಬರೆದೆ: ಎಳ್ಳು 3, ಬೆಲ್ಲ 3½, ಕೊಬ್ಬರಿ 3, ಕಡಲೆ 2. ಒಂದಕ್ಕೆ ಆಯಿತು ಎಂದು ನಾಲ್ಕು ಸರಿ ಗುರುತು. ಮೂವತ್ತಾರು ವರ್ಷದ ನೌಕರಿಯಲ್ಲಿ, ದಿನದ ಕೊನೆಗೆ ಇಪ್ಪತ್ತೈದು ಪೈಸೆ ಹೊಂದಲಿಲ್ಲವೆಂದು ರಾತ್ರಿ ಒಂಬತ್ತರವರೆಗೆ ಕೂತವನು ನಾನು. ಇಲ್ಲದ್ದನ್ನು ಇದೆ ಎಂದು ಒಂದು ದಿನವೂ ಬರೆದವನಲ್ಲ.

ಭಾನುವಾರ ಪಾರಿಜಾತದ ಗಿಡದ ಬುಡದಲ್ಲಿ ಕಡಲೆಯನ್ನು ಮಣ್ಣು ಮಾಡಿದೆವು. ಪುಟ್ಟಿ ಅತ್ತಳು, ಊಟ ಬಿಟ್ಟಳು. “ನಾವು ಎಲ್ಲಾ ಸರಿಯಾಗೇ ಮಾಡಿದ್ವಲ್ಲ ತಾತಾ?” ಅಂದಳು. ಹೌದಮ್ಮ ಅಂದೆ.

ಮಂಗಳವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳು ಪುಡಿಯ ಡಬ್ಬಿಯನ್ನೂ ಪುಸ್ತಕವನ್ನೂ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದಳು. ಬುಧವಾರದಿಂದ ಸೋಮವಾರ ರಾತ್ರಿಯವರೆಗೆ ಆರು ದಿನ. ದಿನಕ್ಕೆ ಒಂಬತ್ತು. “ತಾತಾ, ಪುಸ್ತಕದಲ್ಲಿ 54 ಇದೆ. ಮುಚ್ಚಳದ ಮೇಲೆ 53 ಗೀಟು ಇದೆ. ಒಂದು ಕಮ್ಮಿ.”

ನನ್ನ ಮೊಮ್ಮಗಳೇ ಹೌದು. “ರಾತ್ರಿ ಹೊತ್ತು, ಒಂದು ಗೀಟು ಮರೆತಿರ್ತೀನಿ ಕಣೆ” ಎಂದೆ. ಅವಳು ಸರಿ ಎಂದು ಮುಚ್ಚಳದ ಮೇಲೆ ಒಂದು ಗೀಟು ಎಳೆದು, 54 ಮಾಡಿ, ಬ್ಯಾಗು ಹಾಕಿಕೊಂಡು ಹೋದಳು. ಅಲ್ಲಿಗೆ ಎರಡು ಲೆಕ್ಕವೂ ಹೊಂದಿದವು, ಎರಡೂ ಸುಳ್ಳು.

ಅವತ್ತು ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆ, ಒಬ್ಬನೇ. ನಡೆದದ್ದು ಹೇಳಿದೆ. ನಾನು ಒಂದು ಸಮಾಧಾನದ ಮಾತಿಗಾಗಿ ಹೋಗಿದ್ದೆ ಎಂದು ಈಗ ಅನ್ನಿಸುತ್ತದೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಹುಟ್ಟುವಾಗಲೇ ತೂಕ ಕಡಿಮೆ ಇದ್ದ ಮರಿ ಹೀಗೆ ಹಿಂದೆ ಬಿದ್ದರೆ, ಎಷ್ಟು ನೋಡಿಕೊಂಡರೂ ಹೋಗುವುದುಂಟು, ತಾಯಿಯ ಹತ್ತಿರ ಇದ್ದರೂ ಹೋಗುವುದುಂಟು ಅಂದರು. ನಾನು ಎದ್ದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. “ಅದು ನಂಗೂ ಗೊತ್ತಿಲ್ಲ ಸಾರ್, ನಿಮಗೂ ಗೊತ್ತಾಗಲ್ಲ” ಅಂದರು. ಆಮೇಲೆ ಉಳಿದ ಮೂರರ ತೂಕ ಕೇಳಿದರು. ಬಾಯಿಪಾಠವಾಗಿತ್ತು, ಹೇಳಿದೆ. ಚೆನ್ನಾಗಿದೆ, ಇನ್ನು ಮೂರು ಗಂಟೆಗೊಮ್ಮೆ ಕೊಟ್ಟರೆ ಸಾಕು ಅಂದರು.

ಸಂಜೆ ಪುಟ್ಟಿ ಬಂದಳು. ಹಾಲು ಕುಡಿಸಿ ಮುಗಿದ ಮೇಲೆ ಪುಸ್ತಕ ತೆಗೆದು ಅವಳ ಮುಂದೆ ಇಟ್ಟು, ಶನಿವಾರ ರಾತ್ರಿಯ ಸಾಲಿನ ಮೇಲೆ ಬೆರಳಿಟ್ಟೆ. “ಇದು ನಾನು ಕೊಟ್ಟಿಲ್ಲ. ನಿದ್ದೆ ಹೋಗಿಬಿಟ್ಟೆ. ಬೆಳಿಗ್ಗೆ ಎದ್ದು ಸುಳ್ಳು ಬರೆದೆ. ನಿನ್ನ ಮುಚ್ಚಳದ ಲೆಕ್ಕವೇ ಸರಿ.”

ಅವಳು ತುಂಬ ಹೊತ್ತು ಏನೂ ಅನ್ನಲಿಲ್ಲ. ಅಡುಗೆಮನೆಯಲ್ಲಿ ಅವಳ ಅಜ್ಜಿ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದ್ದಳು ಎನ್ನುವುದೂ ನನಗೆ ಗೊತ್ತಾಯಿತು. ಕೊನೆಗೆ ಪುಟ್ಟಿ ಕೇಳಿದ್ದು, “ಅದಕ್ಕೇ ಕಡಲೆ ಸತ್ತೋಯ್ತಾ?”

“ಇರಬಹುದು. ಇಲ್ಲದೇನೂ ಇರಬಹುದು. ಡಾಕ್ಟರಿಗೂ ಗೊತ್ತಿಲ್ಲವಂತೆ.”

ಅವಳು ರಬ್ಬರು ತರಲು ಎದ್ದಳು. ಬೇಡ ಎಂದೆ. ಬ್ಯಾಂಕಿನಲ್ಲಿ ತಪ್ಪು ಬರೆದದ್ದನ್ನು ಅಳಿಸುವ ಹಾಗಿಲ್ಲ, ಮೇಲೆ ತಿದ್ದುವ ಹಾಗಿಲ್ಲ, ಹಾಳೆ ಹರಿಯುವ ಹಾಗಂತೂ ಇಲ್ಲವೇ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವುದಕ್ಕೆ ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಗುಮಾಸ್ತ ಸಣ್ಣ ಸಹಿ ಹಾಕಬೇಕು. ಮೇಲಿನ ಅಧಿಕಾರಿ ನೋಡಿ ತಾನೂ ಸಹಿ ಹಾಕಬೇಕು. ಇದನ್ನೆಲ್ಲ ಹೇಳಿ, ಕೆಂಪು ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ “ಕೊಟ್ಟಿಲ್ಲ. ನಿದ್ದೆ” ಎಂದು ಬರೆದು ಸಹಿ ಮಾಡಿದೆ. “ಈಗ ಆಫೀಸರ್ ಸಹಿ” ಎಂದು ಪೆನ್ನು ಅವಳ ಕೈಗೆ ಕೊಟ್ಟೆ. ಅವಳು ತನ್ನ ಪೂರ್ತಿ ಹೆಸರು, ತರಗತಿ, ಸೆಕ್ಷನ್ ಎಲ್ಲ ಬರೆದಳು. ಆಮೇಲೆ ಮುಚ್ಚಳದ ಮೇಲೆ ಬೆಳಿಗ್ಗೆ ತಾನು ಎಳೆದಿದ್ದ ಗೀಟಿನ ಮೇಲೂ ಒಂದು ಕೆಂಪು ಗೆರೆ ಎಳೆದಳು.

ಎರಡು ದಿನ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಲ್ಲನ ಬಲಗಣ್ಣು ಬಿಟ್ಟಿತು, “ತಾತಾ ಬೇಗ ಬಾ” ಎಂದು ಕೂಗಿದಳು. ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿಕೊಂಡು, ಸಾಲ ಕೇಳಲು ಬಂದವನನ್ನು ಮ್ಯಾನೇಜರು ನೋಡುವ ಹಾಗೆ ನಮ್ಮನ್ನು ನೋಡುತ್ತಿತ್ತು. ಎರಡು ವಾರದೊಳಗೆ ಸಾಮಾನ್ಯವಾಗಿ ಎಲ್ಲ ಮರಿಗಳೂ ಕಣ್ಣು ಬಿಡುತ್ತವೆ, ಮತ್ತು ಮೊದಲು ಎಲ್ಲವಕ್ಕೂ ನೀಲಿ ಕಣ್ಣೇ. ಆಮೇಲೆ ಹಳದಿಯೋ ಹಸಿರೋ ಆಗುವುದು. ಬೆರಳಿಟ್ಟು ತೆಗೆಸಲು ಹೋಗಬಾರದು, ಅದು ತಾನಾಗಿ ಆಗಬೇಕು.

ಇನ್ನು ಉಳಿದದ್ದು ಸಂತೋಷದ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಮೂರನೇ ವಾರ ಕಾಲು ನಿಂತವು, ಹಲ್ಲು ಮೊಳೆತವು. ನಾಲ್ಕನೇ ವಾರ ತಟ್ಟೆಗೆ ಹಾಲು ಹಾಕಿದರೆ ಮೊದಲ ದಿನ ಮೂರೂ ಅದರೊಳಗೆ ನಡೆದಾಡಿದವು. ಅಗಲ ಬೋಗುಣಿಗೆ ಮರಳು ಹಾಕಿ ಇಟ್ಟೆವು, ಯಾರೂ ಹೇಳಿಕೊಡದೆ ಅಲ್ಲೇ ಹೋಗಿ, ಕೆರೆದು, ಮುಚ್ಚಿ ಬಂದವು. ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಎಷ್ಟು ತಿಂಗಳು ಹಿಡಿಯಿತು ಎಂದು ನನ್ನ ಮನೆಯವಳು ಲೆಕ್ಕ ಹೇಳಿದಳು. ಬೆಲ್ಲ ಗಂಡು, ಉಳಿದೆರಡು ಹೆಣ್ಣು. ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚು, ಇವುಗಳ ತಾಯಿಯ ಹಾಗೆ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಎಂದು ಡಾಕ್ಟರು ಪುಟ್ಟಿಗೆ ಹೇಳಿದರು. ಆಮೇಲಿನಿಂದ ಅವಳು ಬೀದಿಯ ಬೆಕ್ಕುಗಳನ್ನೆಲ್ಲ ನಿಲ್ಲಿಸಿ ಬಣ್ಣ ನೋಡುತ್ತಾಳೆ.

ಅಜ್ಜ ಅಜ್ಜಿಯರಿಗೆ ಎರಡು ಎಚ್ಚರಿಕೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಚೂರು ಕೂಡ ಕೊಡಬಾರದು. ಚಿಗಟಕ್ಕೆಂದು ನಾಯಿಗೆ ಹಚ್ಚುವ ಔಷಧಿಯನ್ನೂ ಹಚ್ಚಬಾರದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಬೇಕು. ಮಕ್ಕಳಿಗೆ ಒಂದು: ಮರಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಬೀದಿ ಬೆಕ್ಕು ಕಚ್ಚಿದರೆ, ಪರಚಿದರೆ, ಬೈತಾರೆ ಅಂತ ಮುಚ್ಚಿಡಬೇಡಿ. ಹದಿನೈದು ನಿಮಿಷ ನಲ್ಲಿಯ ನೀರು ಬಿಟ್ಟು ಸೋಪಿನಿಂದ ತೊಳೆದು, ದೊಡ್ಡವರ ಜೊತೆ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಎಳ್ಳು ಈಗ ಒಬ್ಬ ಕೊಬ್ಬರಿ ವ್ಯಾಪಾರಿಯ ಮಂಡಿಯಲ್ಲಿದೆ. ಕೆಲಸ ಚೆನ್ನಾಗಿ ಮಾಡುತ್ತಿದೆಯಂತೆ. ಬೆಲ್ಲನನ್ನು ಹೂವಿನಾಕೆ ಕೇಳಿ ಒಯ್ದಳು. ಸುದ್ದಿ ತಂದವಳು ಅವಳೇ ತಾನೇ, ಇಲ್ಲ ಎನ್ನಲಾಗಲಿಲ್ಲ. ಕೊಬ್ಬರಿ ನಮ್ಮಲ್ಲೇ ಉಳಿದಿದೆ. ಐದು ತಿಂಗಳಾದಾಗ ಡಾಕ್ಟರ ಹತ್ತಿರ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ತಂದೆವು. ಹಗಲೆಲ್ಲ ಅಟ್ಟದ ಮೇಲೆ, ತಾನು ಹುಟ್ಟಿದ ಮೂಲೆಯಲ್ಲೇ, ಕಾಯಿಗಳ ನಡುವೆ ಮಲಗುತ್ತದೆ. ರಾತ್ರಿ ಎರಡೂವರೆಗೆ ಇಳಿದು ಬಂದು ನನ್ನ ಮಂಚ ಹತ್ತುತ್ತದೆ. ಆ ಹೊತ್ತಿಗೆ ನನಗೆ ಈಗಲೂ ಎಚ್ಚರವಾಗುತ್ತದೆ, ಅಲಾರಾಂ ಇಲ್ಲದೆ.

ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಹಾಳೆ ಖಾಲಿ ಇದೆ. ಹಳೇ ಪತ್ರಿಕೆಗಳ ಜೊತೆ ಅದನ್ನೂ ತೂಕಕ್ಕೆ ಹಾಕಲು ಹೊರಟಿದ್ದೆ. ಪುಟ್ಟಿ ಕಿತ್ತುಕೊಂಡು ಬೀರುವಿನಲ್ಲಿ ಒಳಲೆಯ ಪಕ್ಕ ಇಟ್ಟಿದ್ದಾಳೆ. ಮುಂದಿನ ಸಲ ರಾತ್ರಿ ಎರಡೂವರೆಯ ಸರದಿಗೆ ತಾನೂ ಏಳುತ್ತಾಳಂತೆ. ಶಾಲೆ ಇರುತ್ತಲ್ಲಮ್ಮ ಎಂದರೆ, “ನೀನು ಎಬ್ಬಿಸು. ನೀನು ಮಲಗಿಬಿಟ್ರೆ ನಾನು ಎಬ್ಬಿಸ್ತೀನಿ” ಅಂದಳು.